ಕಲಿಯಲು ಬಂದವರಿಗೆ ಕಲಿಸಿ

ಕರ್ನಾಟಕದ ಕಾರ್ಖಾನೆ ಮಾಲೀಕರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಸಂಘಗಳ ಸಭೆಗಳಲ್ಲಿ, ಸಚಿವರಿಗೆ ಕೊಡುವ ಮನವಿಗಳಲ್ಲಿ, ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ವರ್ಷವರ್ಷವೂ ಒಂದೇ ಮಾತು ಕೇಳಿಬರುತ್ತದೆ: ಕೆಲಸ ಇದೆ, ಕೆಲಸ ಬಲ್ಲವರಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ನಡೆದು ಹೋದರೆ ಗೇಟು ಗೇಟಿಗೂ ಬೋರ್ಡು. ಸಿಎನ್‌ಸಿ ಸೆಟ್ಟರ್ ಬೇಕಾಗಿದ್ದಾರೆ, ವಿಎಂಸಿ ಆಪರೇಟರ್ ಬೇಕಾಗಿದ್ದಾರೆ, ಅನುಭವ ಕಡ್ಡಾಯ. ಅದೇ ಬೋರ್ಡಿನ ಕೆಳಗೆ ರಾಯಚೂರು, ಕಲಬುರಗಿ, ವಿಜಯಪುರ, ಚಿತ್ರದುರ್ಗದ ಕಡೆಯಿಂದ ಬಂದ ಹುಡುಗರು ಐಟಿಐ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಿಂತಿರುತ್ತಾರೆ. ಅನುಭವ ಇಲ್ಲವೆಂದು ಅವರು ವಾಪಸ್ ಹೋಗುತ್ತಾರೆ. ಬೋರ್ಡು ಅಲ್ಲೇ ಇರುತ್ತದೆ.

ನಿಮ್ಮ ದೂರು ಸುಳ್ಳೆಂದು ಹೇಳಲು ನಾನು ಬರೆಯುತ್ತಿಲ್ಲ. ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಕಲಿಸಿದವನು ನಾನು. ನಮ್ಮಲ್ಲಿಂದ ಹೊರಬೀಳುವ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನನಗೆ ಗೊತ್ತು. ಬೆಂಚ್ ವೈಸಿಗೆ ಕಬ್ಬಿಣದ ತುಂಡು ಬಿಗಿದು, ಅರ ಹಾಕಿ, ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣದ ಹಾಗೆ ಮಟ್ಟ ಮಾಡಬಲ್ಲ. ವರ್ನಿಯರ್, ಮೈಕ್ರೋಮೀಟರ್ ಓದಬಲ್ಲ. ಡ್ರಾಯಿಂಗ್ ನೋಡಿ ಮಾರ್ಕಿಂಗ್ ಮಾಡಬಲ್ಲ. ಆದರೆ ನೂರು ಪೀಸು ತೆಗೆದರೆ ನೂರೂ ಒಂದೇ ಅಳತೆಗೆ ಬರಬೇಕು, ಶಿಫ್ಟಿನೊಳಗೆ ಬರಬೇಕು, ನೂರೊಂದನೆಯದು ತಪ್ಪುವ ಮುಂಚೆಯೇ ಕಿವಿಗೆ ಕೇಳುವ ಸದ್ದಿನಿಂದ ಟೂಲ್ ಸವೆದಿದೆ ಎಂದು ಗೊತ್ತಾಗಬೇಕು. ಇದನ್ನು ಕಲಿಸುವ ಐಟಿಐ ಲೋಕದಲ್ಲಿ ಎಲ್ಲೂ ಇಲ್ಲ. ಇದು ಉತ್ಪಾದನೆ ನಡೆಯುವ ಜಾಗದಲ್ಲಿ, ಕೆಲಸ ಬಲ್ಲವರ ಪಕ್ಕ ನಿಂತು ಕಲಿಯುವ ವಿದ್ಯೆ. ಅಪ್ರೆಂಟಿಸ್ ಪದ್ಧತಿ ಹುಟ್ಟಿದ್ದೇ ಇದಕ್ಕೆ. ನೀವು ಹುಡುಕುತ್ತಿರುವ ಅನುಭವಸ್ಥನನ್ನು ತಯಾರು ಮಾಡಲು ಸಾಧ್ಯವಿರುವುದು ನಿಮಗೆ ಮಾತ್ರ. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಇಷ್ಟೇ.

ಪೀಣ್ಯದವರನ್ನು ಮಾತ್ರ ಉದ್ದೇಶಿಸಿ ಬರೆಯುತ್ತಿಲ್ಲ. ಬೊಮ್ಮಸಂದ್ರ, ಜಿಗಣಿ, ನರಸಾಪುರ, ಮೈಸೂರಿನ ಹೂಟಗಳ್ಳಿ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ, ಎಲ್ಲೆಡೆಯ ಮಾಲೀಕರಿಗೂ ಇದು ಸಲ್ಲುತ್ತದೆ. ಆದರೂ ಪೀಣ್ಯದ ಹೆಸರು ಮೊದಲು ಎತ್ತಿದ್ದಕ್ಕೆ ಕಾರಣವಿದೆ.

ಬೆಂಗಳೂರಿಗೆ ಕೈಗಾರಿಕಾ ನಗರವೆಂಬ ಹೆಸರು ಬಂದದ್ದು ಹೇಗೆಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1951ರಲ್ಲಿ ಆಡುಗೋಡಿಯ ಮೈಕೋ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳು ಯಂತ್ರ, ದೂರವಾಣಿ, ಗಡಿಯಾರ ತಯಾರಿಸುವುದರ ಜೊತೆಗೆ ಕೆಲಸಗಾರರನ್ನೂ ತಯಾರಿಸಿದವು. ಹಳ್ಳಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗನನ್ನು ತರಬೇತಿ ಶಾಲೆಗೆ ಸೇರಿಸಿ, ಮೊದಲು ಅರ ಹಿಡಿಯುವುದನ್ನು ಕಲಿಸಿ, ಆಮೇಲೆ ವಿಭಾಗದಿಂದ ವಿಭಾಗಕ್ಕೆ ಕಳಿಸಿ, ಕೊನೆಗೆ ಮಿಷನ್ ಒಪ್ಪಿಸುತ್ತಿದ್ದರು. 1959ರಲ್ಲಿ ಸ್ವಿಸ್ ನೆರವಿನಿಂದ ಕೇರಳದ ನೆಟ್ಟೂರಿನಲ್ಲಿ ಆರಂಭವಾದ ಎನ್‌ಟಿಟಿಎಫ್ ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಜಿಟಿಟಿಸಿ ಬಂತು. ಮೂರು ವರ್ಷ ಅಲ್ಲೇ ಕಲಿತು ಒಂದು ವರ್ಷ ಕಾರ್ಖಾನೆಯಲ್ಲಿ ಕಲಿಯುವ ಅದರ ಟೂಲ್ ಅಂಡ್ ಡೈ ಡಿಪ್ಲೊಮಾದವರಿಗೆ ಇವತ್ತಿಗೂ ಎಷ್ಟು ಬೇಡಿಕೆ ಇದೆಯೆಂದು ನೀವೇ ಬಲ್ಲಿರಿ.

ಹೀಗೆ ಕಲಿತವರಲ್ಲಿ ಎಷ್ಟೋ ಮಂದಿ ಮುಂದೆ ನೌಕರಿ ಬಿಟ್ಟು, ಸಾಲ ಮಾಡಿ, ಒಂದು ಶೆಡ್ಡು ಹಿಡಿದು, ಒಂದು ಹಳೆಯ ಲೇತು ಹಾಕಿ ಅದೇ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ಶುರುಮಾಡಿದರು. ಪೀಣ್ಯ ಬೆಳೆದದ್ದು ಹಾಗೆ. ನಿಮ್ಮಲ್ಲಿ ಹಲವರ ತಂದೆಯವರ ಕಥೆ ಇದು, ಕೆಲವರಿಗೆ ಸ್ವಂತ ಕಥೆ. ನಿಮಗೆ ಕಲಿಸಿದ ಕಾರ್ಖಾನೆ, ನೀವು ಬಿಟ್ಟು ಹೋಗುತ್ತೀರಿ ಎಂಬ ಹೆದರಿಕೆಯಿಂದ ಕಲಿಸದೇ ಇದ್ದಿದ್ದರೆ ನಿಮ್ಮ ಶೆಡ್ಡು ಇರುತ್ತಿರಲಿಲ್ಲ.

ಈಗ ಕಾನೂನಿನ ಮಾತು. 1961ರ ಅಪ್ರೆಂಟಿಸ್ ಕಾಯ್ದೆಯನ್ನು ನಿಮ್ಮ ಎಚ್‌ಆರ್ ವಿಭಾಗದವರು ಶೇಕಡಾವಾರು ಲೆಕ್ಕಕ್ಕಾಗಿ ಓದಿರುತ್ತಾರೆ. 2019ರ ನಿಯಮ ತಿದ್ದುಪಡಿಯ ನಂತರ 30 ಅಥವಾ ಹೆಚ್ಚು ಮಂದಿ ಇರುವ ಘಟಕ ತನ್ನ ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಘಟಕಗಳು, ನಾಲ್ಕು ಮಂದಿ ಇದ್ದರೂ ಸಾಕು, ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ, ಅದನ್ನು ನೆನಪಿಟ್ಟುಕೊಂಡವರು ಕಡಿಮೆ. ಅಪ್ರೆಂಟಿಸ್‌ಗೆ ಪೀಸಿನ ಲೆಕ್ಕದಲ್ಲಿ ಹಣ ಕೊಡಕೂಡದು, ಉತ್ಪಾದನಾ ಬೋನಸ್ಸಿನಂಥ ಯಾವ ಯೋಜನೆಗೂ ಅವನನ್ನು ಎಳೆಯಕೂಡದು. ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆ ಬೇಕು. ತರಬೇತಿಯ ಹೊಣೆ ಹೊರಲು ನಿಗದಿತ ಅರ್ಹತೆ ಇರುವ ಒಬ್ಬ ವ್ಯಕ್ತಿ ಘಟಕದಲ್ಲಿ ಇರಬೇಕು. ಅರವತ್ತು ವರ್ಷಗಳ ಹಿಂದೆ ಈ ಕಾನೂನು ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಟಾರ್ಗೆಟ್ಟಿನ ಕೆಳಗೆ ನಿಂತವನು ಕಲಿಯಲಾರ. ಕಲಿಯುವವನು ನಿಧಾನಿಸಬೇಕು, ಒಂದು ಪೀಸು ಹಾಳು ಮಾಡಬೇಕು, ಯಾಕೆ ಹಾಳಾಯಿತೆಂದು ಕೇಳಬೇಕು. ಆ ಸಮಯವನ್ನು ಅವನಿಗೆ ಕಾನೂನು ಕಾಯ್ದಿರಿಸಿದೆ.

ಶಾಪ್ ಫ್ಲೋರಿನಲ್ಲಿ ಆ ಸಮಯ ಎಲ್ಲಿ ಹೋಗಿದೆ ನೋಡೋಣ. ನನ್ನ ಬಳಿ ಕಲಿತ ಹುಡುಗನೊಬ್ಬ ಒಂದು ಕಂಪನಿಯಲ್ಲಿ ವರ್ಷದ ಅಪ್ರೆಂಟಿಸ್ ಮುಗಿಸಿ ಬಂದಿದ್ದ. ಬೆಳಿಗ್ಗೆ ಹೋದರೆ ಸಿಎನ್‌ಸಿ ಮಿಷನ್ ಮುಂದೆ ನಿಲ್ಲುವುದು. ಚಕ್ಕಿಗೆ ಜಾಬ್ ಕೂರಿಸುವುದು, ಬಾಗಿಲು ಎಳೆಯುವುದು, ಹಸಿರು ಬಟನ್ ಒತ್ತುವುದು. ಸೈಕಲ್ ಮುಗಿದ ಮೇಲೆ ಜಾಬ್ ತೆಗೆದು, ಏರ್ ಗನ್ನಿನಿಂದ ಚೂರು ಊದಿ, ಗೇಜು ಹಾಕಿ ನೋಡಿ, ಟ್ರೇಗೆ ಇಡುವುದು. ಅಳತೆ ಜಾರತೊಡಗಿದರೆ ಸೆಟ್ಟರನ್ನು ಕರೆಯುವುದು. ಸೆಟ್ಟರ್ ಬಂದು ಇನ್‌ಸರ್ಟ್ ತಿರುಗಿಸಿ, ಆಫ್‌ಸೆಟ್ ತಿದ್ದಿ, ಮೊದಲ ಪೀಸು ಅಳೆದು ಹೋಗಿಬಿಡುತ್ತಾರೆ. ಪ್ರೋಗ್ರಾಮ್ ತಿದ್ದುವ ಕೀಲಿ ಅವರ ಜೇಬಿನಲ್ಲಿ. ‘ವರ್ಷದಲ್ಲಿ ಒಂದು ಸಲವೂ ಆಫ್‌ಸೆಟ್ ಮುಟ್ಟಲಿಲ್ಲ ಸಾರ್’ ಅಂದ. ಒಂದೇ ಬಗೆಯ ಬುಶ್, ಒಂದೇ ಮಿಷನ್. ಆ ಕೆಲಸ ಕಲಿಯಲು ಎರಡು ದಿನ ಸಾಕು. ಉಳಿದ ದಿನಗಳಲ್ಲಿ ಅವನು ಅಗ್ಗದ ಕೈಯಾಗಿದ್ದ, ಅಷ್ಟೆ. ಮುಂದಿನ ಕಂಪನಿಯ ಇಂಟರ್‌ವ್ಯೂನಲ್ಲಿ ಟೂಲ್ ಸೆಟ್ಟಿಂಗ್ ಬಗ್ಗೆ ಕೇಳಿದರು. ಅವನಿಗೆ ಉತ್ತರಿಸಲಾಗಲಿಲ್ಲ. ಆ ಕಂಪನಿಯ ಮಾಲೀಕರೂ ಮುಂದಿನ ಸಭೆಯಲ್ಲಿ ‘ಐಟಿಐ ಹುಡುಗರಿಗೆ ಏನೂ ಬರುವುದಿಲ್ಲ’ ಎಂದಿರಬಹುದು.

ಆಪರೇಟರ್ ಮತ್ತು ಸೆಟ್ಟರ್ ನಡುವಿನ ಈ ಅಂತರದಲ್ಲೇ ನಿಮ್ಮ ಕೊರತೆ ಹುಟ್ಟುತ್ತಿದೆ. ಆಪರೇಟರ್‌ಗಳು ಬೇಕಾದಷ್ಟು ಸಿಗುತ್ತಾರೆ. ಸಿಗದೇ ಇರುವುದು ಸೆಟ್ಟರ್. ಸೆಟ್ಟರ್ ಯಾವ ಕಾಲೇಜಿನಿಂದಲೂ ಬರುವುದಿಲ್ಲ, ಆಪರೇಟರನೇ ಬೆಳೆದು ಸೆಟ್ಟರ್ ಆಗಬೇಕು. ಅವನ ಕೈಗೆ ಕೀಲಿ ಕೊಡದೆ ಇಟ್ಟು ಸೆಟ್ಟರ್ ಎಲ್ಲಿ ಎಂದು ಕೇಳುವುದು, ಬಿತ್ತುವ ಹೊತ್ತಿನಲ್ಲಿ ಹೊಲಕ್ಕೆ ಇಳಿಯದವರು ಸುಗ್ಗಿಯಲ್ಲಿ ರಾಶಿ ಕೇಳಿದ ಹಾಗೆ. ವಾರದಲ್ಲಿ ಅರ್ಧ ದಿನ ಸೆಟ್ಟರ್ ಪಕ್ಕ ನಿಲ್ಲಿಸಿ, ಅವರ ಕಣ್ಣೆದುರೇ ಅವನಿಂದ ಇನ್‌ಸರ್ಟ್ ಹಾಕಿಸಿ, ಮೊದಲ ಪೀಸು ಅಳೆಸಿ. ಆರು ತಿಂಗಳಲ್ಲಿ ಅವನು ಸಣ್ಣ ಜಾಬ್‌ಗಳನ್ನು ತಾನೇ ಸೆಟ್ ಮಾಡುತ್ತಾನೆ. ಇದನ್ನು ಮಾಡುತ್ತಿರುವ ಕಾರ್ಖಾನೆಗಳೂ ನಮ್ಮಲ್ಲಿವೆ. ಅಲ್ಲಿಂದ ಬಂದ ಹುಡುಗರು ಮಾತಾಡುವ ರೀತಿಯೇ ಬೇರೆ, ನಿಲ್ಲುವ ರೀತಿಯೇ ಬೇರೆ.

ಹಣದ ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ ತಿಂಗಳಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಇದರಲ್ಲಿ ಶೇ 25 ಭಾಗವನ್ನು, 1,500 ರೂಪಾಯಿ ಮಿತಿಯವರೆಗೆ, 2016ರಿಂದ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಪ್ರಮೋಷನ್ ಸ್ಕೀಮ್ ಅಡಿ ಕೇಂದ್ರ ಸರ್ಕಾರವೇ ಭರಿಸುತ್ತಿದೆ. ಸ್ಟೈಪೆಂಡ್ ಮೊತ್ತವನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರೀಯ ಅಪ್ರೆಂಟಿಸ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಕಾನೂನು ಹೇಳುವುದು ಕನಿಷ್ಠ ಮೊತ್ತವನ್ನು. ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಯಾರೂ ಹೇಳಿಲ್ಲ. ಏಳು ಸಾವಿರದಲ್ಲಿ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು, ಊಟ ಮಾಡಿ, ಬಸ್ಸಿಗೆ ಕೊಟ್ಟು, ಊರಿಗೆ ಏನಾದರೂ ಕಳಿಸುವುದು ಆಗುವ ಮಾತಲ್ಲ. ನಾಲ್ಕೈದು ಹುಡುಗರು ಒಂದೇ ಕೋಣೆಯಲ್ಲಿ ಶಿಫ್ಟಿನ ಪ್ರಕಾರ ಮಲಗುತ್ತಾರೆ. ಕಲಿಕೆ ನಿಜವಾಗಿದ್ದರೆ ಈ ಕಷ್ಟವನ್ನು ಅವರು ಸಹಿಸುತ್ತಾರೆ, ಸಹಿಸಿದ್ದಾರೆ. ಬೆಳಗಿನಿಂದ ಸಂಜೆವರೆಗೆ ಪಕ್ಕದ ಮಿಷನ್ನಿನ ಕಾಯಂ ಕೆಲಸಗಾರ ಮಾಡುವಷ್ಟೇ ಕೆಲಸ ಮಾಡಿಸಿಕೊಂಡು, ಕಲಿಸದೆ, ಸ್ಟೈಪೆಂಡ್ ಮಾತ್ರ ಕೊಟ್ಟರೆ ಅದು ಅನ್ಯಾಯ. ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಎಂದು ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಕಾರ್ಮಿಕ ಕಾನೂನುಗಳ ರಕ್ಷಣೆಯನ್ನು ಅವನು ಬಿಟ್ಟುಕೊಡುವುದು ಕಲಿಕೆಗೆ ಬದಲಾಗಿ. ಕಲಿಕೆ ಸಿಗದಿದ್ದರೆ ಆ ಬಿಟ್ಟುಕೊಡುವಿಕೆಗೆ ಅರ್ಥವೇನು?

‘ಕಲಿಸಿದ ಮೇಲೆ ಬಿಟ್ಟು ಹೋಗುತ್ತಾರೆ, ಪಕ್ಕದ ರಸ್ತೆಯವನು ಎರಡು ಸಾವಿರ ಜಾಸ್ತಿ ಕೊಟ್ಟು ಎಳೆದುಕೊಳ್ಳುತ್ತಾನೆ.’ ನಿಮ್ಮಲ್ಲಿ ಬಹಳ ಜನ ನನಗೆ ಹೇಳಿದ ಮಾತು ಇದು. ಈ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಬ್ಬ ಸಣ್ಣ ಮಾಲೀಕ ಎರಡು ವರ್ಷ ಕಲಿಸಿದ ಹುಡುಗ ಹೊರಟು ನಿಂತಾಗ ಆಗುವ ನಷ್ಟ ನಿಜವಾದ ನಷ್ಟ. ಆದರೆ ಒಬ್ಬೊಬ್ಬರೇ ಹೀಗೆ ಯೋಚಿಸಿ ಎಲ್ಲರೂ ಕಲಿಸುವುದನ್ನು ನಿಲ್ಲಿಸಿದ್ದರಿಂದಲೇ ಒಬ್ಬರ ಕೆಲಸಗಾರನನ್ನು ಇನ್ನೊಬ್ಬರು ಎಳೆಯಬೇಕಾದ ಸ್ಥಿತಿ ಬಂದಿದೆ. ಇದಕ್ಕೆ ಮದ್ದು ಎಲ್ಲರೂ ಕಲಿಸುವುದು. ಜರ್ಮನಿಯಲ್ಲಿ ಅಪ್ರೆಂಟಿಸ್ ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ, ಉಳಿದ ದಿನ ಕಾರ್ಖಾನೆಗೆ ಹೋಗುತ್ತಾನೆ. ಹೆಚ್ಚಿನ ವೃತ್ತಿಗಳಲ್ಲಿ ಇದು ಮೂರು, ಮೂರೂವರೆ ವರ್ಷದ ಓದು. ಕೊನೆಯ ಪರೀಕ್ಷೆ ನಡೆಸುವುದು ಅವನ ಕಂಪನಿಯಲ್ಲ, ಆ ಪ್ರದೇಶದ ಉದ್ದಿಮೆದಾರರ ಚೇಂಬರ್. ಅಂದರೆ ಒಬ್ಬ ಮಾಲೀಕ ಸರಿಯಾಗಿ ಕಲಿಸಿದನೋ ಇಲ್ಲವೋ ಎಂಬುದನ್ನು ಉಳಿದ ಮಾಲೀಕರು ನೋಡುತ್ತಾರೆ. ಪೀಣ್ಯದ ಉದ್ದಿಮೆದಾರರ ಸಂಘಕ್ಕೆ, ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾಕ್ಕೆ ಇಂಥ ಹೊಣೆ ಹೊರುವ ಶಕ್ತಿ ಇಲ್ಲವೆಂದು ನಾನು ನಂಬುವುದಿಲ್ಲ.

ಏಳೆಂಟು ಮಿಷನ್ ಇರುವ ಘಟಕಕ್ಕೆ ತರಬೇತಿಗೆಂದೇ ಒಬ್ಬರನ್ನು ಇಡಲು ಆಗುವುದಿಲ್ಲ, ಒಪ್ಪುತ್ತೇನೆ. ಅಂಥ ಹತ್ತು ಘಟಕಗಳು ಸೇರಿ ಒಬ್ಬ ನಿವೃತ್ತ ಟೂಲ್‌ರೂಮ್ ಫೋರ್‌ಮನ್ನನ್ನು ಇಟ್ಟುಕೊಳ್ಳಬಹುದು. ಹುಡುಗರನ್ನು ಒಂದು ಘಟಕದಿಂದ ಇನ್ನೊಂದಕ್ಕೆ ತಿರುಗಿಸಬಹುದು: ಒಂದೆಡೆ ಟರ್ನಿಂಗ್, ಇನ್ನೊಂದೆಡೆ ಗ್ರೈಂಡಿಂಗ್, ಮತ್ತೊಂದೆಡೆ ಹೀಟ್ ಟ್ರೀಟ್‌ಮೆಂಟ್. ಒಂದೇ ದೊಡ್ಡ ಕಾರ್ಖಾನೆಯಲ್ಲಿ ಸಿಗದ ವೈವಿಧ್ಯ ಅಲ್ಲಿ ಸಿಗುತ್ತದೆ. ನಮ್ಮ ಐಟಿಐಗಳ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಹಳೆಯ ಮಿಷನ್‌ಗಳ ಮೇಲೆ ಕಲಿಸಿದ ವರ್ಷಗಳು ಬಹಳ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿದ ಮೇಲೆ ಹೊಸ ಯಂತ್ರ, ರೋಬೋಟ್ ಬಂದಿವೆ. ಅವನ್ನು ನಡೆಸಲು ಬೋಧಕರಿಗೂ ಮರುತರಬೇತಿ ಬೇಕು. ನಿಮ್ಮ ಎಂಜಿನಿಯರುಗಳು ತಿಂಗಳಿಗೊಂದು ದಿನ ಹತ್ತಿರದ ಐಟಿಐಗೆ ಬಂದರೆ ಹುಡುಗರಿಗಿಂತ ಮೊದಲು ನಮಗೆ ಉಪಕಾರವಾಗುತ್ತದೆ.

ಕಲಿಸಿದರೆ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಗಾರ್ಮೆಂಟ್ಸ್ ಉದ್ಯಮದಿಂದ ಒಂದು ಗಟ್ಟಿ ಸಾಕ್ಷ್ಯವಿದೆ. ಬೆಂಗಳೂರಿನ ಗಾರ್ಮೆಂಟ್ಸ್ ಘಟಕಗಳಲ್ಲಿ ಹೊಲಿಗೆ ಲೈನಿನ ಮಹಿಳೆಯರಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಮುಂತಾದವನ್ನು ಕಲಿಸಿ, ತರಬೇತಿ ಪಡೆದವರನ್ನು ಪಡೆಯದವರ ಜೊತೆ ಅರ್ಥಶಾಸ್ತ್ರಜ್ಞರು ಹೋಲಿಸಿದರು. 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ಕಲಿತವರ ಉತ್ಪಾದಕತೆ ಶೇ 13.5ರಷ್ಟು ಹೆಚ್ಚಿತ್ತು. ತರಬೇತಿಗೆ ಹಾಕಿದ ಹಣ ಕಂಪನಿಗೆ ಒಂದಕ್ಕೆ ಎರಡರಷ್ಟಕ್ಕೂ ಮೀರಿ ಲಾಭ ತಂದಿತು. ಆ ಹೆಣ್ಣುಮಕ್ಕಳ ಸಂಬಳ ಹೆಚ್ಚಿದ್ದು ಶೇ 0.5ರಷ್ಟು ಮಾತ್ರ. ಕಂಪನಿಯ ಲಾಭ, ಅವರ ಸಂಬಳ, ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ದಯವಿಟ್ಟು ಒಂದು ಸಲ ಯೋಚಿಸಿ. ಮೊದಲನೆಯದು, ಕಲಿಸುವುದು ದಾನವಲ್ಲ, ನಿಮಗೇ ಲಾಭ ಎನ್ನುತ್ತದೆ. ಎರಡನೆಯದು ನನಗೆ ನೋವು ತರುತ್ತದೆ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಹತ್ತು ವರ್ಷ ಕಳೆದರೂ ಅದೇ ಮಿಷನ್ ಮುಂದೆ ಕೂತಿರುವ ತಾಯಂದಿರು ಮಾಗಡಿ ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಎಷ್ಟು ಮಂದಿ ಇದ್ದಾರೆ! ಅವರು ಸೂಪರ್‌ವೈಸರ್ ಆಗುವ ದಾರಿ ಯಾವುದು, ಅದಕ್ಕೆ ಏನು ಕಲಿಯಬೇಕು, ಕಲಿತರೆ ಸಂಬಳ ಎಷ್ಟಾಗುತ್ತದೆ ಎಂದು ಕಾರ್ಖಾನೆಯ ಗೋಡೆಯ ಮೇಲೆ ಬರೆದು ಹಾಕಿ.

ಕಲಿಕೆ ಹದಿನೆಂಟರ ಹುಡುಗರಿಗೆ ಮಾತ್ರ ಎಂದುಕೊಂಡರೆ ಅರ್ಧ ಸತ್ಯ ಬಿಟ್ಟಂತಾಗುತ್ತದೆ. ನಿಮ್ಮ ಶಾಪಿನಲ್ಲಿ ನಲವತ್ತೈದು, ಐವತ್ತು ದಾಟಿದ ಟರ್ನರುಗಳಿದ್ದಾರೆ. ಕೈ ಅಳತೆಯಲ್ಲೇ ಥ್ರೆಡ್ ಕತ್ತರಿಸಿದವರು. ಹಳೆಯ ಲೇತನ್ನು ಗುಜರಿಗೆ ಹಾಕಿ ಸಿಎನ್‌ಸಿ ತಂದ ದಿನ ಅವರನ್ನು ಸ್ಟೋರ್‌ಗೋ ಪ್ಯಾಕಿಂಗಿಗೋ ಕಳಿಸಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಲೋಹದ ಗುಣ, ಟೂಲಿನ ಕೋನ, ಫೀಡು ಸ್ಪೀಡುಗಳ ಹದ ಅವರ ಕೈಯಲ್ಲಿದೆ. ಅವರಿಗೆ ಬರದೇ ಇರುವುದು ಪರದೆಯ ಭಾಷೆ ಮಾತ್ರ. ಮೂರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರೆ ಅವರಿಗಿಂತ ಒಳ್ಳೆಯ ಸೆಟ್ಟರ್ ಸಿಗುವುದಿಲ್ಲ. ಈಗ ಇನ್ನೂ ದೊಡ್ಡ ಬದಲಾವಣೆ ಬಾಗಿಲಿಗೆ ಬಂದಿದೆ. ಬೆಂಗಳೂರಿನ ಸಾವಿರಾರು ಮಂದಿ ಬದುಕಿರುವುದು ಡೀಸೆಲ್ ಪಂಪು, ನಾಝಲ್, ಎಂಜಿನ್ ಬಿಡಿಭಾಗಗಳ ಮೇಲೆ. ಎಲೆಕ್ಟ್ರಿಕ್ ವಾಹನಕ್ಕೆ ಇವು ಯಾವುವೂ ಬೇಡ. ಐಟಿಐಗಳಲ್ಲಿ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಟ್ರೇಡ್ ಬಂದಿದೆ, ಒಳ್ಳೆಯದು. ಆದರೆ ಇಪ್ಪತ್ತೈದು ವರ್ಷ ನಾಝಲ್ ಗ್ರೈಂಡಿಂಗ್ ಮಾಡಿದವರು ಹೋಗಿ ಐಟಿಐ ಸೇರಲಾರರು. ಅವರಿಗೆ ಸಂಬಳದ ಸಮಯದಲ್ಲೇ, ಕಾರ್ಖಾನೆಯೊಳಗೇ ಕಲಿಕೆ ಸಿಗಬೇಕು. ಅನುಭವಸ್ಥರಿಗೆ ಮಾನ್ಯತೆ ಕೊಡಲೆಂದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದ ದಾರಿ ಹೆಚ್ಚಿನವರ ಪಾಲಿಗೆ ಕೆಲವು ಗಂಟೆಗಳ ತರಗತಿ, ಒಂದು ಮೌಲ್ಯಮಾಪನ, ಒಂದು ಸರ್ಟಿಫಿಕೇಟು, 500 ರೂಪಾಯಿ ಇಷ್ಟಕ್ಕೇ ಮುಗಿಯಿತು. ಗೊತ್ತಿರುವುದನ್ನು ಗೊತ್ತಿದೆಯೆಂದು ಬರೆದುಕೊಟ್ಟರೆ ಗೌರವ ಸಿಗುತ್ತದೆ, ಹೊಸ ಕೆಲಸ ಬರುವುದಿಲ್ಲ. ಸಿಂಗಪುರ 2024ರಲ್ಲಿ ನಲವತ್ತು ದಾಟಿದ ತನ್ನ ಪ್ರತಿ ನಾಗರಿಕರಿಗೂ ಹೊಸದನ್ನು ಕಲಿಯಲೆಂದೇ 4,000 ಸಿಂಗಪುರ ಡಾಲರ್ ತರಬೇತಿ ಹಣ ಮೀಸಲಿಟ್ಟಿತು. ನಮ್ಮ ಸರ್ಕಾರಗಳೂ ಇದನ್ನು ಯೋಚಿಸಬೇಕು. ಅದಕ್ಕೆ ಕಾಯದೆ ನೀವು ಮಾಡಬಹುದಾದದ್ದು ಬಹಳ ಇದೆ.

ಮತ್ತೆ ಅಪ್ರೆಂಟಿಸ್‌ಗಳ ವಿಷಯಕ್ಕೆ ಬರೋಣ. 2023ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಗುಣಮಟ್ಟದ ಅಪ್ರೆಂಟಿಸ್‌ಶಿಪ್ ಕುರಿತು 208ನೇ ಶಿಫಾರಸನ್ನು ಅಂಗೀಕರಿಸಿತು. ಲಿಖಿತ ಒಪ್ಪಂದ, ಸಾಕಷ್ಟು ಸಂಭಾವನೆ, ಕೆಲಸದ ಗಂಟೆಗಳಿಗೆ ಮಿತಿ, ಸಂಬಳಸಹಿತ ರಜೆ, ಸುರಕ್ಷತೆ, ಗಾಯವಾದರೆ ಪರಿಹಾರ, ಸಂಘ ಕಟ್ಟುವ ಹಕ್ಕು, ಕೊನೆಯಲ್ಲಿ ಎಲ್ಲರೂ ಒಪ್ಪುವ ಪ್ರಮಾಣಪತ್ರ ಅದರಲ್ಲಿವೆ. ಸರ್ಕಾರ, ಕಾರ್ಮಿಕರ ಜೊತೆ ಮಾಲೀಕರ ಪ್ರತಿನಿಧಿಗಳೂ ಕೂತು ರೂಪಿಸಿದ ದಾಖಲೆ ಅದು. ಯಾರ ಮೇಲೂ ಅದು ಕಡ್ಡಾಯವಲ್ಲ. ಒಪ್ಪಿದವರು ಮನಸ್ಸಿನಿಂದ ಒಪ್ಪಿ ಮಾಡಬೇಕಾದ ಕೆಲಸ.

ತರಬೇತಿ ಮುಗಿಸಿದವರನ್ನು ಏನು ಮಾಡಬೇಕೆಂಬುದೂ ಹೊಸ ಪ್ರಶ್ನೆಯಲ್ಲ. ಉತ್ತರಪ್ರದೇಶ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ: ಉಳಿದ ಅರ್ಹತೆ ಸಮವಿದ್ದರೆ ನೇರವಾಗಿ ಬಂದವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಸಿಗಬೇಕು. ಅಪ್ರೆಂಟಿಸ್ ಕಾಯ್ದೆಯ 2014ರ ತಿದ್ದುಪಡಿ, ಕಲಿತು ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಉದ್ಯೋಗದಾತನೂ ತನ್ನದೇ ನೀತಿ ರೂಪಿಸಬೇಕೆಂದಿತು. ನಿಮ್ಮ ಕಂಪನಿಯ ಆ ನೀತಿ ಎಲ್ಲಿದೆ? ಅಪ್ರೆಂಟಿಸ್ ಸೇರುವ ದಿನವೇ ಅದನ್ನು ಕನ್ನಡದಲ್ಲಿ ಅವನ ಕೈಗೆ ಕೊಡಿ. ವರ್ಷದಲ್ಲಿ ಯಾವ ಯಾವ ಮಿಷನ್ ಮೇಲೆ ಎಷ್ಟು ವಾರ ಎಂಬ ಪಟ್ಟಿಯನ್ನು ಅದರ ಜೊತೆಗಿಡಿ. ಮುಗಿದ ದಿನ, ನೀವು ಕೆಲಸ ಕೊಟ್ಟರೂ ಕೊಡದಿದ್ದರೂ, ಅವನು ಸ್ವತಂತ್ರವಾಗಿ ಏನೇನು ಮಾಡಬಲ್ಲ ಎಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಮುಂದಿನ ಕಂಪನಿ ಅದನ್ನು ಅನುಭವವೆಂದು ಎಣಿಸಲಿ. ನೀವೂ ಬೇರೆಯವರು ಬರೆದುಕೊಟ್ಟದ್ದನ್ನು ಎಣಿಸಿ.

ಐಟಿಐ ಅಂತಿಮ ಪರೀಕ್ಷೆ ಮುಗಿದು ಈ ಸಲದ ಬ್ಯಾಚು ಹೊರಬರುವ ಮುಂಚೆ ನೀವು ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಶಾಪಿನಲ್ಲಿ ಕಲಿಸುವ ಹೊಣೆ ಯಾರದ್ದೆಂದು ಹೆಸರು ಹಿಡಿದು ನಿಗದಿ ಮಾಡಿ. ಕಲಿಸಲು ಅವರಿಗೆ ವಾರದಲ್ಲಿ ಇಂತಿಷ್ಟು ಗಂಟೆ ಬಿಡುವು ಕೊಡಿ, ಆ ಗಂಟೆಗಳಲ್ಲಿ ಅವರ ಟಾರ್ಗೆಟ್ ಇಳಿಸಿ, ಕಲಿಸಿದ್ದಕ್ಕೆ ಸಂಬಳದಲ್ಲಿ ಒಂದಿಷ್ಟು ಸೇರಿಸಿ.

ಇಂತಿ,
ಐಟಿಐಯ ಒಬ್ಬ ಫಿಟ್ಟರ್ ಬೋಧಕ